ಐದು ಸಾವಿರದ ನಲವತ್ತೊಂದು

“ಒಂದು ಜಾಸ್ತಿ ಇದೆ ಅಕ್ಕ, ಮೂರು ಸಲ ಎಣಿಸಿದೆ,” ಎಂದ ತಮ್ಮ, ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. “ಐದು ಸಾವಿರದ ನಲವತ್ತೊಂದು. ಕೊನೆಕೊನೆಗೆ ಅಪ್ಪನಿಗೆ ಲೆಕ್ಕಾನೂ ಮರೆತುಹೋಗಿತ್ತು.”

ಅಪ್ಪ ಹೋಗಿ ಆರು ತಿಂಗಳಾಗಿತ್ತು. ನೆಲಕ್ಕೆ ಹಾಸುವ ಸಿಮೆಂಟ್ ಟೈಲು ಒತ್ತುವುದೇ ಅವರ ಜೀವಮಾನದ ಕೆಲಸ. ಅವರ ಕೈಯಿಂದ ಬಂದ ಕಡೆಯ ರಾಶಿಯನ್ನು ಸಮಪಾಲು ಮಾಡಿಕೊಳ್ಳಲು ಅಕ್ಕ ತಮ್ಮ ಶೆಡ್ಡಿಗೆ ಬಂದಿದ್ದರು.

ಅಪ್ಪನದು ಒಂದೇ ಹಟ: ಒತ್ತಿದರೆ ಐದು ಸಾವಿರದ ನಲವತ್ತು, ಹೆಚ್ಚಿಲ್ಲ ಕಮ್ಮಿಯಿಲ್ಲ. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಚೂರೂ ಮಿಗದ ಬಂಗಾರದಂಥ ಸಂಖ್ಯೆ ಅದು. “ಹತ್ತು ಮಕ್ಕಳಾದರೂ ಜಗಳವಿಲ್ಲದೆ ಹಂಚಬಹುದು ಕಣೇ, ಹನ್ನೊಂದನೇದು ಮಾತ್ರ ಬೇಡ,” ಎಂದು ಅಮ್ಮನನ್ನು ರೇಗಿಸುತ್ತಿದ್ದರು. ಎರಡಕ್ಕೇ ನನ್ನ ಸೊಂಟ ಬಿದ್ದುಹೋಗಿದೆ ಎಂದು ಅಮ್ಮ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

ಟೈಲು ಒಣಹಾಕುವ ಅಂಗಳವೇ ಮಕ್ಕಳಿಗೆ ಮಗ್ಗಿ ಪುಸ್ತಕ. ಒಮ್ಮೆ ಸಾಲಿಗೆ ಅರವತ್ತರಂತೆ ಎಂಬತ್ತನಾಲ್ಕು ಸಾಲು, ಇನ್ನೊಮ್ಮೆ ಎಪ್ಪತ್ತರಂತೆ ಎಪ್ಪತ್ತೆರಡು. ಈ ಎರಡನೆಯದನ್ನು ಕಂಡಾಗಲೆಲ್ಲ ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ಅಕ್ಕನದು ಅದೇ ರಾಗ, ಇನ್ನೊಂಚೂರು ಸರಿಸಿದರೆ ಸರಿಯಾದ ಚೌಕ ಆಗುತ್ತಲ್ಲಪ್ಪ ಅಂತ. ಎಪ್ಪತ್ತೊಂದರಂತೆ ಎಪ್ಪತ್ತೊಂದು ಸಾಲು ಬೇಕು ಮಗಳೇ, ಒಂದು ಟೈಲು ಕಮ್ಮಿ ಬೀಳುತ್ತೆ, ಎಂದು ಅಪ್ಪ ಅವಳ ಜಡೆ ಎಳೆಯುತ್ತಿದ್ದರು. ಹಾಗಾದರೆ ಆ ಒಂದನ್ನು ಒತ್ತಿಬಿಡು ಎಂದರೆ ನಗು. ಆ ಒಂದು ಸೇರಿತೋ, ಸಂಖ್ಯೆ ಮೊಂಡು ಬೀಳುತ್ತದೆ, ಎಪ್ಪತ್ತೊಂದಕ್ಕಲ್ಲದೆ ಯಾರಿಗೂ ಬಗ್ಗುವುದಿಲ್ಲ, ಆಮೇಲೆ ನೀನೂ ತಮ್ಮನೂ ಹೇಗೆ ಹಂಚಿಕೊಳ್ಳುತ್ತೀರಿ?

ಕಡೆಯ ಎರಡು ವರ್ಷ ಅದೇ ಅಪ್ಪ ಅವಳನ್ನು ನೋಡಿ, ಯಾರಮ್ಮ ನೀನು, ಯಾರ ಮನೆಯವಳು ಎಂದು ಕೇಳುತ್ತಿದ್ದರು. ಅವಳು ತಿಂಡಿಯ ಪೊಟ್ಟಣ ಮಂಚದ ಮೇಲಿಟ್ಟು, ಬಸ್ಸಿನಲ್ಲಿ ಅತ್ತುಕೊಂಡು ಮನೆ ಸೇರುತ್ತಿದ್ದಳು.

“ಲೆಕ್ಕ ತಪ್ಪಿದ್ದಾ? ಸರಿಯಾಗಿ ಯೋಚನೆ ಮಾಡಿ ಹೇಳು,” ಎಂದಳು.

ತಮ್ಮ ಹೋಗಿ ರಾಶಿಯ ಮೇಲಿನ ಟೈಲೊಂದನ್ನು ಕೈಗೆತ್ತಿಕೊಂಡ. “ಈಗ ನೆನಪಾಗ್ತಿದೆ. ಎಲ್ಲಾ ಮುಗಿಸಿ ಅಚ್ಚು ತೊಳೆದು ಅಟ್ಟಕ್ಕೆ ಹಾಕಿಸಿದ್ರು. ಎಂಟು ದಿನ ಆದ್ಮೇಲೆ, ಇಳಿಸು ಅಂತ ಹಟ. ಒಂದೇ ಒಂದು ಟೈಲಿಗೆ ಬಣ್ಣ ಕಲೆಸಿಕೊಂಡು ಕೂತ್ರು. ಒಂದಕ್ಕೆ ಯಾಕಪ್ಪ ಇಷ್ಟು ಗೋಳು ಅಂತ ಬೈದುಬಿಟ್ಟೆ.”

“ಏನಂದ್ರು?”

“ಮಗು ಕೇಳ್ತಿತ್ತು ಅಂದ್ರು. ಯಾವ ಮಗು ಅಂದೆ. ಗೊತ್ತಿಲ್ಲ ಅಂದ್ರು.”

ಪಾಲು ಹೊರಲು ಬಂದಿದ್ದ ಗಾಡಿಯವನು ಗೇಟಿನಾಚೆಯಿಂದ ಹಾರನ್ ಹೊಡೆದ. ತಮ್ಮ ಹೋಗಿ ಅವನಿಗೆ ಏನೋ ಹೇಳಿ, ಗಾಡಿಯನ್ನು ಖಾಲಿಯೇ ಕಳಿಸಿ ಬಂದ. ಒಳಗಿನಿಂದ, ಅಪ್ಪ ಟೈಲಿನ ಸಾಲಿಗೆ ಅಳತೆ ಹಿಡಿಯುತ್ತಿದ್ದ ದಾರದ ಉಂಡೆ ತಂದು ಒಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟು, ಉಂಡೆ ಬಿಚ್ಚುತ್ತ, ಅಂಗಳದಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದ.