ಕೈ ಎಳೆಯದ ಹೆಂಗಸು

ನೇಲ್ ಸಲೂನಿನಲ್ಲಿ ಗಿರಾಕಿ ವರ್ನೆಟ್ಟಾ ಬೆರಳುಗಳನ್ನು ಉಗುರುಬಣ್ಣ ಗಟ್ಟಿಯಾಗಿಸುವ ಯುವಿ ದೀಪದ ಪೆಟ್ಟಿಗೆಯೊಳಗಿಟ್ಟ ಮೇಲೆ ಹಿಯೆನ್‌ಗೆ ತನ್ನ ತಪ್ಪು ಹೊಳೆಯಿತು: ಉಗುರಿಗೆ ಜೆಲ್ ಬಣ್ಣವನ್ನು ದಪ್ಪಗೆ ಹಚ್ಚಿದ್ದಳು. ದಪ್ಪ ಜೆಲ್ ಗಟ್ಟಿಯಾಗುವಾಗ ಸುಡುತ್ತದೆ. "ಚುರುಕ್ ಅಂದ್ರೆ ತಕ್ಷಣ ಕೈ ತೆಗೀರಿ," ಎಂದಳು. ಎಲ್ಲರೂ ತೆಗೆಯುತ್ತಾರೆ, ಬೈಯುತ್ತಾರೆ ಕೂಡ.

ವರ್ನೆಟ್ಟಾ ಅಲುಗಾಡಲಿಲ್ಲ. ಮೊಮ್ಮಗಳ ಮದುವೆಯ ಕೇಕಿನ ವರ್ಣನೆ ನಡೆದೇ ಇತ್ತು.

"ಎಂಥಾ ಗಟ್ಟಿಗಿತ್ತಿ ನೋಡೇ! ನಿನ್ ಗಂಡ ಆಗಿದ್ರೆ ಇಷ್ಟೊತ್ತಿಗೆ ಬೊಬ್ಬೆ ಹೊಡೀತಿದ್ದ," ಎಂದು ಪಕ್ಕದ ಮೇಜಿನಲ್ಲಿ ಇನ್ನೊಬ್ಬರ ಉಗುರು ತಿದ್ದುತ್ತಿದ್ದ ಲ್ವಾನ್ ಅಕ್ಕ ಹಿಯೆನ್‌ಳನ್ನು ಚುಡಾಯಿಸಿದಳು.

ಹಿಯೆನ್ ನಗಲಿಲ್ಲ. ಥಟ್ಟನೆ ಆ ಕೈಯನ್ನು ಹಿಡಿದು ಹೊರಗೆಳೆದಳು. ಉಗುರಿನ ಸುತ್ತ ಚರ್ಮ ಕೆಂಪೇರಿತ್ತು. "ಉರೀಲಿಲ್ವಾ ಅಮ್ಮಾ?"

"ಕೀಮೋ ಆದ್ಮೇಲೆ ಬೆರಳಿಗೆ ಏನೂ ಗೊತ್ತಾಗಲ್ಲ ಮಗಳೇ." ವರ್ನೆಟ್ಟಾ ತನ್ನ ಕೈಯನ್ನೇ ದಿಟ್ಟಿಸಿದಳು. "ಈಗ ನೀನು ಗಟ್ಟಿಯಾಗಿ ಹಿಡ್ಕೊಂಡಿದ್ದೀಯಾ?"