ಐಸಿನಡಿ ನೀರು

"ನಾಳೆಯಿಂದ ಸ್ಕೂಲಿಗೆ ಹೋಗಲ್ಲ ಅಬ್ಬಾ, ಇಲ್ಲೇ ಮೀನಂಗಡೀಲಿ ಕೂರ್ತೀನಿ," ಎಂದು ರುಹೀನಾ ಅತ್ತಳು. ಎರಡು ಧ್ರುವದಲ್ಲೂ ಹಿಮವಿದ್ದರೂ ದಕ್ಷಿಣದಲ್ಲೇ ಯಾಕೆ ಚಳಿ ಹೆಚ್ಚು ಅಂತ ಮೇಷ್ಟ್ರು ಕೇಳಿ, ಗೊತ್ತಿಲ್ಲ ಅಂದಿದ್ದಕ್ಕೆ ಇಡೀ ಪೀರಿಯಡ್ ಅವಳನ್ನು ನಿಲ್ಲಿಸಿದ್ದರು.

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ಅವಳಪ್ಪ ಮುನಾವರನಿಗೂ ಉತ್ತರ ಗೊತ್ತಿರಲಿಲ್ಲ. ಅವನು ಮೀನಿನ ಐಸ್ ಪೆಟ್ಟಿಗೆಯ ಅಡಿಯ ಬಿರಡೆ ಕಿತ್ತು, ಕರಗಿದ ನೀರನ್ನು ಚರಂಡಿಗೆ ಬಿಟ್ಟ.

"ತಣ್ಣಗಿರೋ ನೀರನ್ನ ಯಾಕೆ ಚೆಲ್ತೀರಿ?"

"ಎಷ್ಟೇ ತಣ್ಣಗಿದ್ರೂ ನೀರು ಐಸಿಗಿಂತ ಬಿಸೀನೇ ಕಣಮ್ಮಾ. ಅಡೀಲಿ ನಿಂತ್ರೆ ಐಸನ್ನೇ ತಿನ್ನುತ್ತೆ. ಅಡಿ ಒಣಗಿದ್ರೆ ಐಸು ನಾಳೆಗಂಟ ಇರುತ್ತೆ."

ರುಹೀನಾ ಕಣ್ಣೊರೆಸಿಕೊಂಡಳು. "ಅಬ್ಬಾ! ಮ್ಯಾಪಲ್ಲಿ ನೋಡಿದೀನಿ, ಉತ್ತರ ಧ್ರುವದ ಹಿಮದಡಿ ಸಮುದ್ರ ಇದೆ, ಅದರ ಬಿಸಿ ಮೇಲಕ್ಕೆ ತಟ್ಟುತ್ತೆ. ದಕ್ಷಿಣದಲ್ಲಿ ಅಡಿಗಿರೋದು ನೆಲ, ಆ ಬಿಸಿ ಇಲ್ಲ, ಎತ್ತರಾನೂ ಜಾಸ್ತಿ, ಅದಕ್ಕೇ ಚಳಿ ಹೆಚ್ಚು! ನಾಳೆ ಮೇಷ್ಟ್ರಿಗೆ ಹೇಳ್ತೀನಿ."

"ನಾನ್ ಹೇಳ್ದೆ ಅನ್ಬೇಡ, ನಗ್ತಾರೆ."

"ನಗ್ಲಿ. ನಿಮ್ಮ ಹೆಸರು ಹೇಳೇ ಶುರು ಮಾಡ್ತೀನಿ."