ದೊರೆಯ ಎದುರು ಸೋಲುವವನು

ಮಿಂಚು ಮತ್ತೆ ತಪ್ಪು ಹೊಡೆದ. ದೊರೆಯ ಅನುಮಾನ ಗಟ್ಟಿಯಾಯಿತು.

ಕೆಂಪು ಚೆಂಡು ಪಾಕೆಟ್ಟಿನ ಅಂಚು ಸವರಿ, ವಾಪಸ್ ಉರುಳಿ ಟೇಬಲ್ಲಿನ ನಡುವೆ ನಿಂತಿತು. "ಛೆ!" ಅಂದ ಮಿಂಚು, ನಗುತ್ತಲೇ. ಸೋಲುವವನು ಹೀಗೆ ನಗುತ್ತಾನೆಯೇ?

ದೊರೆ, ಮಿಂಚು. ಎರಡೂ ಅಭಿಮಾನಿಗಳು ಇಟ್ಟ ಅಡ್ಡಹೆಸರು. ಕೋಲಿನಿಂದ ಚೆಂಡನ್ನು ಪಾಕೆಟ್ಟಿನ ಕುಳಿಗೆ ಬೀಳಿಸುವ ಈ ಪೂಲ್ ಆಟ ಬಲ್ಲವರು ಇವತ್ತಿಗೂ ಜಗಳಕ್ಕೆ ಬೀಳುವುದು ಇವರಿಬ್ಬರಲ್ಲಿ ಯಾರು ದೊಡ್ಡವರು ಅಂತಲೇ. ದೊರೆಯದು ಹಳೇ ಕಾಲ. ದಪ್ಪ ಬಟ್ಟೆ ಹೊದಿಸಿ ಚೆಂಡು ನಿಧಾನ ಉರುಳುವ ಟೇಬಲ್, ಸಿಗರೇಟಿನ ಹೊಗೆ, ಯಾವ ಚೆಂಡು ಯಾವ ಪಾಕೆಟ್ಟಿಗೆ ಎಂದು ಗಟ್ಟಿಯಾಗಿ ಹೇಳಿಯೇ ಹೊಡೆಯಬೇಕೆಂಬ ನಿಯಮ. ಮಿಂಚುವಿನದು ಟೀವಿಯ ಕಾಲ. ಕೋಲು ಹಿಡಿದರೆ ನೋಡನೋಡುತ್ತ ಟೇಬಲ್ ಖಾಲಿ. ದೊರೆಯನ್ನು ಅವನ ಕೊನೆಯ ಫೈನಲ್‌ನಲ್ಲಿ ಒಂದು ಸರದಿಯೂ ಕೊಡದೆ, ಕುರ್ಚಿಯಿಂದ ಏಳಲೂ ಬಿಡದೆ ಸೋಲಿಸಿದವನು ಇವನೇ. ಆಮೇಲೆ ವರ್ಷಗಟ್ಟಲೆ ಮೆರೆದು, ಹೆಸರು ಉತ್ತುಂಗದಲ್ಲಿರುವಾಗಲೇ ಆಟ ಬಿಟ್ಟ. ಕಾರಣ ಹೇಳಲಿಲ್ಲ. ಸೊಕ್ಕು ಅಂದವು ಪತ್ರಿಕೆಗಳು.

ಹಾಗೆ ಬಿಟ್ಟವನು ಒಂದು ಬೆಳಿಗ್ಗೆ ಈ ಪೂಲ್ ಹಾಲ್‌ನ ಬಾಗಿಲಲ್ಲಿ ನಿಂತಿದ್ದ.

ಹಾಲ್ ತೆರೆಯುವುದು ಮಧ್ಯಾಹ್ನ. ಮಾಲೀಕ ಹಳೇ ಅಭಿಮಾನಕ್ಕೆ ದೊರೆಯ ಕೈಯಲ್ಲಿ ಒಂದು ಬೀಗದ ಕೈ ಇಟ್ಟಿದ್ದ. ಹೆಂಡತಿ ತೀರಿಕೊಂಡ ಮೇಲೆ ದೊರೆಗೆ ಮನೆ ಬಿಕೋ ಅನ್ನುತ್ತಿತ್ತು. ಬೆಳಗಾಗುತ್ತಲೇ ಇಲ್ಲಿಗೆ ಬಂದು, ಕುರ್ಚಿಗಳನ್ನೆಲ್ಲ ತಲೆಕೆಳಗಾಗಿ ಪೇರಿಸಿಟ್ಟ ಕೋಣೆಯಲ್ಲಿ ಒಬ್ಬನೇ ಆಡುವನು. ಒಬ್ಬನೇ ಇದ್ದರೂ ಗಟ್ಟಿಯಾಗಿ ಹೇಳಿಯೇ ಹೊಡೆಯುವನು. ಇಡೀ ದಿನದಲ್ಲಿ ಅವನು ಆಡುತ್ತಿದ್ದ ಮಾತು ಅಷ್ಟೇ.

"ರಸ್ತೆಯಲ್ಲಿ ಹೋಗ್ತಿದ್ದೆ ಗುರುಗಳೇ, ನಿಮ್ಮ ದನಿ ಕೇಳಿಸ್ತು. ಒಂದು ಆಟ ಆಡೋಣ್ವಾ?"

ಅಂದಿನಿಂದ ಮಿಂಚು ದಿನವೂ ಬಂದ. ಟೇಬಲ್ಲಿನ ಅಂಚನ್ನು ಸವರುತ್ತ ಸುತ್ತು ಹಾಕುವನು. ಗೋಡೆಯ ಮೇಲಿನ ತನ್ನದೇ ಆಳೆತ್ತರದ ಫೋಟೊದ ಕಡೆ ಒಮ್ಮೆಯೂ ತಿರುಗಲಿಲ್ಲ. ಎಂಥ ವಿನಯ ಅಂದುಕೊಂಡ ದೊರೆ. "ನಿಮ್ಮ ಕಾಲದ ಹಾಗೇ ಆಡೋಣ. ನೀವು ಹೇಳಿ, ನೀವು ಹೇಳಿದ್ದನ್ನೇ ನಾನು ಹೊಡೀತೀನಿ" ಅಂದಾಗಲಂತೂ ಹಿಗ್ಗಿಹೋದ. "ನೀಲಿ. ಬಲ ಮೂಲೆ. ನಿನ್ನಿಂದ ಒಂದು ಮೊಳ," ಎಂದು ರಾಗವಾಗಿ ಹೇಳುವನು. ಮಿಂಚು ಹೊಡೆಯುವನು. ಒಮ್ಮೊಮ್ಮೆ ಬೀಳುತ್ತಿತ್ತು, ಹೆಚ್ಚಿನಂಶ ಇಲ್ಲ. ದಿನವೂ ದೊರೆಯೇ ಗೆಲ್ಲುತ್ತಿದ್ದ.

ದೊರೆ ಮತ್ತೆ ಗಡ್ಡ ಬೋಳಿಸತೊಡಗಿದ, ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಆಮೇಲೆ ತಲೆಗೆ ಅನುಮಾನದ ಹುಳ ಹೊಕ್ಕಿತು. ತನ್ನ ಕೈ ನಡುಗುತ್ತದೆ. ಇಂಥವನ ಎದುರು ಆ ಮಿಂಚು ಸೋಲುವುದೆಂದರೇನು? ಪಾಪದ ಮುದುಕ, ಗೆದ್ದುಕೊಳ್ಳಲಿ ಅಂತಲೇ?

ಇವತ್ತು ಪರೀಕ್ಷೆ ಮಾಡಿಯೇ ಬಿಡೋಣವೆಂದು ದೊರೆ ತನ್ನ ಸರದಿಯಲ್ಲಿ ಕಪ್ಪು ಚೆಂಡನ್ನು ಮೆಲ್ಲಗೆ ತಳ್ಳಿ, ಪಾಕೆಟ್ಟಿನ ಬಾಯಿಗೇ ತಂದು ನಿಲ್ಲಿಸಿದ. ಉಸಿರು ತಾಗಿದರೂ ಬೀಳುವಂತಿತ್ತು. ಮಿಂಚುವಿನ ಸರದಿ ಬಂದಾಗ ಬಾಯಿ ಮುಚ್ಚಿಕೊಂಡು ನಿಂತ.

ಮಿಂಚು ಬಗ್ಗಿದ. ಕಾದ. "ಯಾವುದು ಗುರುಗಳೇ?"

"ಕಣ್ಣೆದುರಿಗೇ ಇದೆಯಲ್ಲ. ಹೊಡಿ."

ಕೋಲು ತಾಕಿದ ಬಿಳಿ ಚೆಂಡು ಎತ್ತಲೋ ಓಡಿತು. ಯಾವ ಚೆಂಡಿಗೂ ತಾಗದೆ, ಎದುರಿನ ಅಂಚಿಗೆ ಬಡಿದು ಸುಮ್ಮನಾಯಿತು.

"ಸಾಕು ಮಾಡಯ್ಯಾ ನಾಟಕ!" ದೊರೆ ಕೋಲನ್ನು ಟೇಬಲ್ಲಿನ ಮೇಲೆ ಎಸೆದ. "ಹಾಲುಗಲ್ಲದ ಮಗು ಕೂಡ ಹಾಕೋ ಚೆಂಡು ಅದು. ನನ್ನ ಮೇಲೆ ಕನಿಕರ ಬಂತಾ ನಿನಗೆ? ನಾಳೆಯಿಂದ ಈ ಬಾಗಿಲು ತುಳೀಬೇಡ!"

ಹೇಳಿದ ಮೇಲೆ ತಲೆಕೆಳಗಾದ ಕುರ್ಚಿಗಳ ಕಡೆ ಕಣ್ಣು ಹೋಯಿತು. ನಾಳೆ ಮತ್ತೆ ಆ ಕುರ್ಚಿಗಳು, ತಾನು, ಅಷ್ಟೇ. ಮುಖ ತೋರಿಸಲಾಗದೆ ಸದ್ದಿಲ್ಲದೆ ಕಿಟಕಿಯ ಕಡೆಗೆ ಸರಿದ.

"ಕನಿಕರ ಅಲ್ಲ ಗುರುಗಳೇ," ಅಂದ ಮಿಂಚು, ದೊರೆ ಆಗಲೇ ಬಿಟ್ಟು ಬಂದಿದ್ದ ಖಾಲಿ ಜಾಗವನ್ನು ದಿಟ್ಟಿಸುತ್ತ, "ಕಣ್ಣು ಕೈಕೊಟ್ಟ ಮೇಲೆ, ನೀವು ಬಾಯಿಬಿಟ್ಟು ಹೇಳಿದ ಚೆಂಡಷ್ಟೇ ನನಗೆ ಕಾಣೋದು."